ಎರಡು ಡಿಕ್ಕಿಗಳ ನಡುವಿನ ಮೂರನೇ ಸಾಲು

ಕಾರಿನ ಹಿಂದೆ ಸಾಮಾನು ತುಂಬುವ ಜಾಗಕ್ಕೂ ನಾವು ಡಿಕ್ಕಿ ಅನ್ನುತ್ತೇವೆ, ವಾಹನಕ್ಕೆ ವಾಹನ ಬಡಿದರೂ ಡಿಕ್ಕಿ ಅನ್ನುತ್ತೇವೆ. ಏಳು ಸೀಟಿನ ಎಸ್‌ಯುವಿಯ ಮೂರನೇ ಸಾಲಿನಲ್ಲಿ ಕೂತವರಿಗೆ ಇವೆರಡೂ ಹತ್ತಿರದ ನೆಂಟರು. ಒಂದು ಬೆನ್ನಿಗೆ ಅಂಟಿಕೊಂಡೇ ಇರುತ್ತದೆ. ಹೆದ್ದಾರಿಯಲ್ಲಿ ಹಿಂದಿನ ಲಾರಿಯವನು ಬ್ರೇಕ್ ಒತ್ತುವುದು ತಡವಾದರೆ ಇನ್ನೊಂದೂ ಬಂತು.

ಕಾಪುವಿನಿಂದ ಕಾರ್ಕಳಕ್ಕೆ ಮದುವೆಗೆ ಹೊರಟ ಸಂಸಾರವೊಂದನ್ನು ನೆನೆಸಿಕೊಳ್ಳಿ. ಮುಂದೆ ಅಪ್ಪ, ಅಜ್ಜ. ನಡುವೆ ಅಜ್ಜಿ, ಅಮ್ಮ, ಚಿಕ್ಕಮ್ಮ. ಮಕ್ಕಳು ಎಲ್ಲಿ? "ಅವು ಸಣ್ಣವಲ್ವಾ ಮಾರಾಯ್ರೆ, ಹಿಂದೆ ಕೂತ್ಕೊಳ್ಳಲಿ." ಮೂರನೇ ಸಾಲು ಎತ್ತಿ ನಿಲ್ಲಿಸಿದ ಮೇಲೆ ಡಿಕ್ಕಿಯಲ್ಲಿ ಉಳಿಯುವುದು ಗೇಣಗಲ ಜಾಗ. ಅಲ್ಲಿ ಬ್ಯಾಗಿನ ಮೇಲೆ ಬ್ಯಾಗು, ಎಲ್ಲದರ ಮೇಲೆ ಮನೆ ಹಿತ್ತಲಿನ ಹತ್ತು ಕಿಲೋದ ಹಲಸಿನಹಣ್ಣು. ಕಾರು ಥಟ್ಟನೆ ನಿಂತರೂ ಆ ಹಣ್ಣು ನಿಲ್ಲುವುದಿಲ್ಲ. ಅದರ ದಾರಿಯಲ್ಲಿ ಮೊದಲು ಸಿಗುವುದು ಮಕ್ಕಳ ತಲೆ. ಆದರೂ ಎಲ್ಲರಿಗೂ ಧೈರ್ಯ, ಕಾರಿಗೆ 5 ಸ್ಟಾರ್ ಇದೆಯಲ್ಲ!

ಆ ಸ್ಟಾರ್ ಬಂದದ್ದು ಯಾವ ಪರೀಕ್ಷೆಯಲ್ಲಿ? ನಮ್ಮ ದೇಶದ ಭಾರತ್ ಎನ್‌ಕ್ಯಾಪ್ ಪರೀಕ್ಷೆ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಗಂಟೆಗೆ 64 ಕಿ.ಮೀ. ವೇಗದಲ್ಲಿ ಬರುವ ಕಾರಿನ ಮೂತಿಯ ಶೇ. 40 ಭಾಗವನ್ನು ಜಜ್ಜಿ ಹೋಗಬಲ್ಲ ತಡೆಗೋಡೆಗೆ ಗುದ್ದಿಸುತ್ತಾರೆ. ಸುಮಾರು 16 ಮೀಟರ್ ಎತ್ತರದಿಂದ, ಅಂದರೆ ಐದು ಮಹಡಿಯ ಕಟ್ಟಡದ ಮೇಲಿನಿಂದ ಕಾರನ್ನು ಕೆಳಕ್ಕೆ ಬಿಟ್ಟರೆ ನೆಲ ಮುಟ್ಟುವಾಗ ಇರುವ ವೇಗ ಅದು. ಪಕ್ಕದಿಂದ ಗುದ್ದುವ ಪರೀಕ್ಷೆ 50 ಕಿ.ಮೀ. ವೇಗದಲ್ಲಿ, ಕಂಬಕ್ಕೆ ಬಡಿಸುವುದು 29ರಲ್ಲಿ. ದೊಡ್ಡವರ ರಕ್ಷಣೆಗೆ 32 ಅಂಕ, ಮಕ್ಕಳ ರಕ್ಷಣೆಗೆ 49. ಆ ವರ್ಷದ ಡಿಸೆಂಬರ್‌ನಲ್ಲಿ ಬಂದ ಮೊದಲ ಫಲಿತಾಂಶದಲ್ಲೇ ಮೂರು ಸಾಲಿನ ಟಾಟಾ ಸಫಾರಿ 30.08 ಮತ್ತು 44.54 ಅಂಕ ಪಡೆದು 5 ಸ್ಟಾರ್ ಗಳಿಸಿತು.

ಒಳ್ಳೆಯ ಅಂಕಗಳೇ. ಆದರೆ ಈ ಪರೀಕ್ಷೆಯಲ್ಲಿ ದೊಡ್ಡವರ ಬೊಂಬೆಗಳು ಕೂರುವುದು ಮುಂದಿನ ಸಾಲಿನಲ್ಲಿ. ಒಂದೂವರೆ ಮತ್ತು ಮೂರು ವರ್ಷದ ಮಕ್ಕಳ ಬೊಂಬೆಗಳು ಎರಡನೇ ಸಾಲಿನಲ್ಲಿ, ಅದೂ ಮಕ್ಕಳ ಸೀಟಿನೊಳಗೆ. ಮೂರನೇ ಸಾಲಿನಲ್ಲಿ ಬೊಂಬೆ ಇಲ್ಲ. ಹಿಂದಿನಿಂದ ಬಂದು ಗುದ್ದುವ ಪರೀಕ್ಷೆಯೂ 2023ರ ನಿಯಮಾವಳಿಯಲ್ಲಿಲ್ಲ. ನಾವು ಮಕ್ಕಳನ್ನು ಕೂರಿಸುವ ಜಾಗ ಗುದ್ದಿನ ಪರೀಕ್ಷೆಯನ್ನೇ ಬರೆದಿಲ್ಲ ಅಂದಹಾಗಾಯಿತು.

ಇದು ಯಾಕೆ ಮುಖ್ಯ ಅಂದರೆ, ತೆಂಗಿನಕಾಯಿ ಅಂಗಳದ ಕಲ್ಲುಚಪ್ಪಡಿಗೆ ಬಿದ್ದರೆ ಸೀಳುತ್ತದೆ, ಉತ್ತ ಗದ್ದೆಗೆ ಬಿದ್ದರೆ ಹೂತು ಕೂರುತ್ತದೆ. ಬಿದ್ದ ಎತ್ತರ ಒಂದೇ, ವೇಗವೂ ಒಂದೇ. ಕೆಸರು ಅದಕ್ಕೆ ನಿಲ್ಲಲು ನಾಲ್ಕು ಇಂಚು ಜಾಗ ಕೊಟ್ಟಿತು, ಅಷ್ಟೆ. ಕಾರಿನ ಮೂತಿ ನಜ್ಜುಗುಜ್ಜಾಗಿ ಮಾಡುವುದು ಈ ಕೆಸರಿನ ಕೆಲಸವನ್ನೇ. ಮುಂದೆ ಕೂತವರ ಎದುರು ಅಂಥ ತಗಡು ಬಾನೆಟ್ಟಿನ ಉದ್ದಕ್ಕೂ ಇದೆ. ಮೂರನೇ ಸಾಲಿನ ಹಿಂದೆ ಇರುವುದು ಅದೇ ಗೇಣಗಲ ಡಿಕ್ಕಿ ಮತ್ತು ಒಂದು ಬಾಗಿಲು.

ದುಬಾರಿ ಗಾಡಿಯಾದರೆ ಈ ಲೆಕ್ಕ ಬದಲಾಗುತ್ತದೆಯೇ? ಸ್ವಲ್ಪ. ಬೆಂಗಳೂರು ಬಳಿಯ ಹೊಸಕೋಟೆಯಲ್ಲಿ 2017ರಿಂದ ಜೋಡಣೆಯಾಗುತ್ತಿರುವ ವೋಲ್ವೋ ಎಕ್ಸ್‌ಸಿ90 ಏಳು ಸೀಟಿನದು. 2015ರ ಯೂರೋ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ಶೇ. 97, ಮಕ್ಕಳ ರಕ್ಷಣೆಗೆ ಶೇ. 87 ಪಡೆದ ಕಾರು. ಅದರ ಮೂರನೇ ಸಾಲನ್ನು 170 ಸೆಂ.ಮೀ. ಎತ್ತರದವರೂ ಕೂರುವಂತೆ ರೂಪಿಸಿದ್ದಾರೆ. ಆದರೆ ನನಗೆ ಅದರಲ್ಲಿ ಹಿಡಿಸಿದ್ದು ಚರ್ಮದ ಹೊದಿಕೆಯಲ್ಲ, ನಡುಸಾಲಿನ ಮಧ್ಯದ ಸೀಟಿನಲ್ಲಿ ಅಡಗಿಸಿಟ್ಟ ಬೂಸ್ಟರ್. ಇದೇ ಕಂಪನಿಯ ನೀಲ್ಸ್ ಬೋಲಿನ್ 1959ರಲ್ಲಿ ಕೊಟ್ಟ ಮೂರು ಬಿಂದುಗಳ ಬೆಲ್ಟ್ ದೊಡ್ಡವರ ಮೈಗೆ ಅಳೆದದ್ದು. ಮಗುವಿಗೆ ಅದು ಕುತ್ತಿಗೆಯ ಮೇಲೆ ಹಾಯುತ್ತದೆ. ಬೂಸ್ಟರ್ ಮಗುವನ್ನು ಎತ್ತಿ ಕೂರಿಸಿ, ಬೆಲ್ಟನ್ನು ಭುಜಕ್ಕೂ ಸೊಂಟದ ಮೂಳೆಗೂ ತರುತ್ತದೆ. ಪ್ರತ್ಯೇಕವಾಗಿ ಕೊಂಡರೆ ಸಾಮಾನ್ಯ ಕಾರಿಗೂ ಆಗುತ್ತದೆ.

ಮಡಿಲಲ್ಲಿ ಅವುಚಿ ಹಿಡಿದರೆ ಸಾಲದೇ ಎಂದು ಅಜ್ಜಿ ಕೇಳಬಹುದು. 50 ಕಿ.ಮೀ. ವೇಗದ ಕಾರು ಸೆಕೆಂಡಿನ ಹತ್ತನೇ ಒಂದು ಪಾಲಿನಲ್ಲಿ ನಿಂತರೆ 15 ಕಿಲೋದ ಮಗು ಸುಮಾರು 210 ಕಿಲೋ ಭಾರದಷ್ಟು ಬಲದಿಂದ ಮುಂದಕ್ಕೆ ಜಗ್ಗುತ್ತದೆ. ಅಂದರೆ ನಾಲ್ಕು ಚೀಲ ಕುಚ್ಚಲಕ್ಕಿ. ಯಾವ ಅಜ್ಜಿಯ ತೋಳಿಗೂ ಅದು ದಕ್ಕುವುದಿಲ್ಲ. ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನ ಪ್ರಕಾರ 14 ವರ್ಷದೊಳಗಿನ ಮಗುವನ್ನು ಬೆಲ್ಟಿನಿಂದಲೋ ಮಕ್ಕಳ ಸೀಟಿನಿಂದಲೋ ಭದ್ರಪಡಿಸದಿದ್ದರೆ 1000 ರೂಪಾಯಿ ದಂಡ.

ಆಗುಂಬೆ ಘಾಟಿಯ 14 ತಿರುವುಗಳನ್ನು ಮಳೆಗಾಲದಲ್ಲಿ ಹತ್ತುವವರಿಗೆ ಇನ್ನೊಂದು ಮಾತು. ಎತ್ತರದ ಗಾಡಿಯ ಭಾರಕೇಂದ್ರವೂ ಎತ್ತರ, ಹಾಗಾಗಿ ಮಗುಚುವ ಭಯವೂ ಹೆಚ್ಚು. ಗಾಡಿ ಜಾರತೊಡಗಿದಾಗ ಒಂದೊಂದೇ ಚಕ್ರಕ್ಕೆ ತಾನಾಗಿ ಬ್ರೇಕ್ ಹಾಕಿ ಹಿಡಿತಕ್ಕೆ ತರುವ ಇಎಸ್‌ಸಿ ಇಲ್ಲದ ಎಸ್‌ಯುವಿಯನ್ನು ನಾನಂತೂ ಕೊಳ್ಳುವುದಿಲ್ಲ.

ಉಡುಪಿಯಲ್ಲೋ ಮಣಿಪಾಲದಲ್ಲೋ ಶೋರೂಮಿಗೆ ಹೋದಾಗ ಸನ್‌ರೂಫ್ ಆಮೇಲೆ ನೋಡಿ. ಪಕ್ಕದ ಪರದೆ ಏರ್‌ಬ್ಯಾಗ್ ಮೂರನೇ ಸಾಲಿನವರೆಗೆ ಬರುತ್ತದೆಯೇ ಕೇಳಿ. ಅಲ್ಲಿನ ಎರಡೂ ಸೀಟಿಗೆ ಮೂರು ಬಿಂದುಗಳ ಬೆಲ್ಟ್ ಇದೆಯೇ, ತಲೆದಿಂಬು ಕೂತವರ ಕಿವಿಯ ಮಟ್ಟಕ್ಕೆ ಏರುತ್ತದೆಯೇ ಎಂದು ಕೈಯಲ್ಲೇ ಹಿಡಿದು ನೋಡಿ. ಆಮೇಲೆ ಸ್ಟಿಯರಿಂಗನ್ನು ಬೇರೆಯವರಿಗೆ ಕೊಟ್ಟು, ನೀವೇ ಆ ಮೂರನೇ ಸಾಲಿನಲ್ಲಿ ಕೂತು ಕಾಪುವಿನವರೆಗೆ ಒಮ್ಮೆ ಹೋಗಿ ಬನ್ನಿ.