ನಗುತ್ತ ಬರಲಿ ಕನ್ನಡ: ಪುಟಾಣಿಗಳಿಗೆ ತಮಾಷೆಯ ಚಿತ್ರಪುಸ್ತಕ

ಮುಂದಿನ ವರ್ಷವೋ ಅದರಾಚೆಯ ವರ್ಷವೋ ನಿಮ್ಮ ಮಗು ಕನ್ನಡ ಶಾಲೆಯ ಒಂದನೇ ತರಗತಿಗೆ ಸೇರಲಿದೆ. ಮನೆಯಲ್ಲಿ ನೀವು ಆಡುವುದು ತುಳುವೋ ಮರಾಠಿಯೋ ತೆಲುಗೋ ಇರಬಹುದು. ಮನೆಮಾತು ಕನ್ನಡವೇ ಆಗಿದ್ದರೂ ಅಂಗಡಿಯಲ್ಲಿ, ಬಸ್ಸಿನಲ್ಲಿ ಮಗುವಿನ ಕಿವಿಗೆ ಬೀಳುವುದು ಹೆಚ್ಚಾಗಿ ಬೇರೆ ಭಾಷೆ. ಪುಸ್ತಕದ ಕನ್ನಡವನ್ನು ಅದು ಮೊದಲ ಸಲ ಕೇಳುವುದು ಪಾಠದಲ್ಲೇ ಆದರೆ, ಕನ್ನಡವೆಂದರೆ ತಪ್ಪು ತಿದ್ದುವ, ಬಾಯಿಪಾಠ ಮಾಡಿಸುವ ಭಾಷೆ ಎಂದು ಅದರ ಮನಸ್ಸಿನಲ್ಲಿ ಕೂತುಬಿಡಬಹುದು. ಅದಕ್ಕೂ ಮೊದಲೇ ಅದು ನಗಿಸುವ ಭಾಷೆಯಾಗಿ ಪರಿಚಯವಾಗಲಿ. ಬೇಕಾದದ್ದು ಒಂದು ತಮಾಷೆಯ ಚಿತ್ರಪುಸ್ತಕ, ನಿಮ್ಮ ಮಡಿಲು, ದಿನಕ್ಕೆ ಹತ್ತು ನಿಮಿಷ.

ತಮಾಷೆಯೇ ಏಕೆ?

ನಗಬೇಕಾದರೆ ಮೊದಲು ಅರ್ಥವಾಗಬೇಕು. ಆಡು ಅಂಗಿ ತೊಟ್ಟ ಚಿತ್ರ ನೋಡಿ ಎರಡೂವರೆ ವರ್ಷದ ಮಗು ನಕ್ಕಿತೆಂದರೆ, ಆಡು ಅಂಗಿ ತೊಡುವುದಿಲ್ಲ ಎಂಬುದು ಅದಕ್ಕೆ ಗೊತ್ತು. ಮೂರು ದಾಟಿದ ಮೇಲೆ ಮಾತಿನ ತಮಾಷೆ ಹಿಡಿಸುತ್ತದೆ: ಆನೆಯನ್ನು ತೋರಿಸಿ ‘ಇಲಿ’ ಎಂದರೆ ಸಾಕು, ಮನೆಯೇ ಎದ್ದು ಹೋಗುವ ಹಾಗೆ ಕೂಗುತ್ತದೆ. ನಾಲ್ಕು–ಐದರ ಹೊತ್ತಿಗೆ, ಕಥೆಯ ಪಾತ್ರಕ್ಕೆ ತಿಳಿಯದ್ದು ತನಗೆ ತಿಳಿದಿದೆ ಎಂಬ ಖುಷಿ. ಮಾತಿನಲ್ಲಿ ‘ಇಲ್ಲಿ ಯಾರೂ ಇಲ್ಲ’ ಎಂದಿರುತ್ತದೆ, ಚಿತ್ರದಲ್ಲಿ ಮಂಚದ ಕೆಳಗೊಂದು ಬಾಲ ಇರುತ್ತದೆ. ಮಾತನ್ನೂ ಚಿತ್ರವನ್ನೂ ಕೂಡಿಸಿ ಅರ್ಥ ಮಾಡಿಕೊಳ್ಳುವುದು, ಮುಂದೇನಾದೀತು ಎಂದು ಊಹಿಸುವುದು – ನಾಳೆ ಓದುವಾಗ ಬೇಕಾಗುವುದೂ ಇದೇ.

ಓದುವುದು ಹೇಗೆ?

ರೋಹಿಣಿ ನಿಲೇಕಣಿ ಬರೆದು ಪ್ರಥಮ್ ಬುಕ್ಸ್ ಹೊರತಂದ ಶೃಂಗೇರಿ ಶ್ರೀನಿವಾಸನ ಕಥೆಯನ್ನೇ ತೆಗೆದುಕೊಳ್ಳಿ. ಅವನ ಕೂದಲು ಉದ್ದುದ್ದ ಬೆಳೆದಿದೆ. ವರ್ಷಕ್ಕೊಮ್ಮೆ ಕೂದಲು ಕತ್ತರಿಸಿಕೊಳ್ಳುವ ದಿನ ಬಂದಿದೆ. ಆದರೆ ಯಾರ ಬಳಿ ಹೋದರೂ ಯಾರಿಗೂ ಪುರುಸೊತ್ತಿಲ್ಲ. ಇಂಥ ಕಥೆಯಲ್ಲಿ ಪ್ರತಿ ಪುಟ ತಿರುಗಿಸುವ ಮುಂಚೆ ಒಂದು ಕ್ಷಣ ನಿಲ್ಲಿಸಿ. ‘ಈಗ ಇವನು ಯಾರ ಹತ್ತಿರ ಹೋಗ್ತಾನೆ?’ ಎಂದು ಕೇಳಿ. ಉತ್ತರ ಏನೇ ಇರಲಿ, ಅದು ಸರಿಯಾದ ಉತ್ತರವೇ.

ಚಿತ್ರದೊಳಗಿನ ತಮಾಷೆಯನ್ನು ಮಗುವೇ ಮೊದಲು ಕಾಣಲಿ. ನೀವು ಬಿಡಿಸಿ ಹೇಳಿದರೆ ನಗು ಆರಿಹೋಗುತ್ತದೆ. ಕಪ್ಪೆಗೆ ಕಪ್ಪೆಯ ದನಿ, ಅಜ್ಜನಿಗೆ ಅಜ್ಜನ ದನಿ ಕೊಡಿ; ನಾಚಿಕೆ ಬೇಡ. ಒಂದೇ ಪುಸ್ತಕವನ್ನು ಇಪ್ಪತ್ತು ಸಲ ಕೇಳಿದರೂ ಬೇಸರಿಸಬೇಡಿ. ವಾಕ್ಯಗಳು ನಾಲಗೆಗೆ ಹತ್ತುವುದು ಹಾಗೆಯೇ. ಕಥೆ ಪಳಗಿದ ಮೇಲೆ ಬೇಕೆಂದೇ ಒಂದು ಪದ ತಪ್ಪಾಗಿ ಓದಿ. ಮಗು ತಟ್ಟನೆ ತಿದ್ದುತ್ತದೆ. ಕನ್ನಡದಲ್ಲಿ ತಿದ್ದುವ ಸರದಿ ಈಗ ಅದರದ್ದು!

‘ಇದರ ನೀತಿ ಏನು?’ ‘ಇದು ಯಾವ ಅಕ್ಷರ?’ ಎಂದು ಮಾತ್ರ ಕೇಳಬೇಡಿ. ಅದಕ್ಕೆಲ್ಲ ಶಾಲೆಯಲ್ಲಿ ಬೇಕಾದಷ್ಟು ವರ್ಷಗಳಿವೆ.

ಮನೆಮಾತು ಬೇರೆಯಾದರೆ

ಚಿತ್ರದ ಬೆಕ್ಕನ್ನು ಕಂಡು ಮಗು ‘ಪುಚ್ಚೆ’ ಎನ್ನಬಹುದು, ‘ಮಾಂಜರ’ ಎನ್ನಬಹುದು, ‘ಪಿಲ್ಲಿ’ ಎನ್ನಬಹುದು. ‘ಹೌದು, ಪುಚ್ಚೆ. ಈ ಬೆಕ್ಕು ಏನು ಮಾಡ್ತಿದೆ ನೋಡು’ ಎಂದು ಮುಂದೆ ಹೋಗಿ. ಮನೆಯ ಪದವೂ ಉಳಿಯಿತು, ಕನ್ನಡ ಪದವೂ ಬಂತು. ನಿಮ್ಮದು ಕನ್ನಡದ ಮನೆಯೇ ಆಗಿದ್ದರೂ ಪುಸ್ತಕದ ‘ಆಲೂಗಡ್ಡೆ’ ನಿಮ್ಮಲ್ಲಿ ‘ಬಟಾಟೆ’ ಆಗಿರಬಹುದು. ಎರಡನ್ನೂ ಹೇಳಿ. ಊರಿನ ಕನ್ನಡವೂ ಕನ್ನಡವೇ ಎಂದು ಮಗುವಿಗೆ ತಿಳಿಯುವುದು ಹೀಗೆ.

ನಿಮಗೇ ಕನ್ನಡ ಓದಲು ಬಾರದೆ? ಚಿತ್ರ ನೋಡುತ್ತ ನಿಮ್ಮ ಭಾಷೆಯಲ್ಲಿ ಕಥೆ ಕಟ್ಟಿ. ಬರಹವನ್ನು ಶಾಲೆಗೆ ಹೋಗುವ ಅಕ್ಕನೋ ಅಣ್ಣನೋ ಓದಲಿ. ಮೂರನೇ ತರಗತಿಯ ಹುಡುಗಿಗೆ ತಮ್ಮನನ್ನು ನಗಿಸಲು ಓದುವುದಕ್ಕಿಂತ ಒಳ್ಳೆಯ ಓದಿನ ಅಭ್ಯಾಸ ಬೇರೆ ಇಲ್ಲ.

ಪುಸ್ತಕ ಎಲ್ಲಿ ಸಿಗುತ್ತದೆ?

ಕನ್ನಡ ಪುಸ್ತಕದಂಗಡಿ ದೂರವಿದ್ದರೂ ದಾರಿಗಳಿವೆ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತ. ಫೋನಿನಲ್ಲೇ ಓದಬಹುದು, ಇಳಿಸಿಕೊಂಡು ಮುದ್ರಿಸಲೂಬಹುದು. ಅಲ್ಲಿನ ಅನೇಕ ಕಥೆಗಳು ಮರಾಠಿ, ತಮಿಳು, ತೆಲುಗು, ಮಲಯಾಳದಲ್ಲೂ ಇವೆ; ಒಂದೇ ಕಥೆಯನ್ನು ಅಪ್ಪ ಒಂದು ಭಾಷೆಯಲ್ಲಿ, ಅಮ್ಮ ಇನ್ನೊಂದರಲ್ಲಿ ಓದಬಹುದು. ಚೆನ್ನೈನ ತೂಲಿಕಾ ಪ್ರಕಾಶನ ಮತ್ತು ನ್ಯಾಷನಲ್ ಬುಕ್ ಟ್ರಸ್ಟ್ ಕೂಡ ಕನ್ನಡದಲ್ಲಿ ಮಕ್ಕಳ ಚಿತ್ರಪುಸ್ತಕಗಳನ್ನು ಪ್ರಕಟಿಸುತ್ತವೆ.

ಇನ್ನೊಂದು ಹತ್ತಿರದ ದಾರಿ: ದೊಡ್ಡ ಮಗು ಈಗಾಗಲೇ ಕನ್ನಡ ಶಾಲೆಯಲ್ಲಿದ್ದರೆ, ಮುಂದಿನ ಪೋಷಕರ ಸಭೆಯಲ್ಲಿ ಟೀಚರನ್ನು ಕೇಳಿ – ಗ್ರಂಥಾಲಯದ ಕಪಾಟಿನಿಂದ ವಾರಕ್ಕೊಂದು ಚಿತ್ರಪುಸ್ತಕವನ್ನು ಮನೆಯ ಪುಟಾಣಿಗೂ ಕಳುಹಿಸಿಕೊಡಬಹುದೇ ಎಂದು. ಪುಟ ಹರಿದೀತೆಂಬ ಹೆದರಿಕೆ ಅವರಿಗಿದ್ದರೆ, ಅಂಟಿಸಿ ಕೊಡುವ ಜವಾಬ್ದಾರಿ ನಿಮ್ಮದೆಂದು ಹೇಳಿ. ಎರಡು ವರ್ಷ ಹೀಗೆ ಪುಸ್ತಕ ನೋಡಿ ನಕ್ಕ ಮಗುವಿಗೆ, ಒಂದನೇ ತರಗತಿಯಲ್ಲಿ ಕೈಗೆ ಬರುವ ಕನ್ನಡ ಪುಸ್ತಕ ಹೊಸ ವಸ್ತುವಾಗಿರುವುದಿಲ್ಲ.