ಪಡೆದ ಮೆಮೊರಿ ಮರಳಿಸಿದಿರಾ?

ಮಕ್ಕಳೇ, ಕಾಸರಗೋಡಿನ ನಮ್ಮ ಶಾಲೆಗಳ ಐಟಿ ಲ್ಯಾಬಿನಲ್ಲಿ ನೀವು ಬಳಸುವ ಕೈಟ್ ಗ್ನೂ/ಲಿನಕ್ಸಿನ ತಿರುಳಿಗೆ ಕರ್ನಲ್ ಎಂದು ಹೆಸರು. ಯಾವ ಪ್ರೋಗ್ರಾಮಿಗೆ ಎಷ್ಟು ಮೆಮೊರಿ, ಪ್ರೊಸೆಸರಿನ ಎಷ್ಟು ಸಮಯ ಎಂದು ಹಂಚಿಕೊಡುವುದು ಇದರ ಕೆಲಸ. 1991ರಲ್ಲಿ ಇದನ್ನು ಬರೆಯತೊಡಗಿದ ಲಿನಸ್ ಟೊರ್ವಾಲ್ಡ್ಸ್ ಆಗ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿ.

ಇದು ಮುಕ್ತ ತಂತ್ರಾಂಶ. ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಿ ಕಳಿಸಬಹುದು. ಆದರೆ ಕಳಿಸಿದ್ದೆಲ್ಲ ನೇರವಾಗಿ ಒಳಗೆ ಸೇರುವುದಿಲ್ಲ. ಅನುಭವಿಗಳು ಅದನ್ನು ಸಾಲುಸಾಲಾಗಿ ಓದುತ್ತಾರೆ. 2005ರಲ್ಲಿ ಶುರುವಾದ ಗೂಗಲ್ ಸಮ್ಮರ್ ಆಫ್ ಕೋಡ್‌ನಂಥ ಕಾರ್ಯಕ್ರಮಗಳಲ್ಲಿ ಹೊಸಬರಿಗೆಂದೇ ಮಾರ್ಗದರ್ಶಕರಿರುತ್ತಾರೆ.

ಅವರು ಮಾಡುವುದೇನು? ಒಬ್ಬ ವಿದ್ಯಾರ್ಥಿನಿ ಕ್ಯಾಮೆರಾವನ್ನು ನಡೆಸುವ ಡ್ರೈವರ್ ಬರೆದಳು ಅಂತಿಟ್ಟುಕೊಳ್ಳಿ. ಕೋಡ್ ಮೊದಲು ಮೆಮೊರಿ ಪಡೆಯುತ್ತದೆ, ಕೊನೆಯ ಸಾಲಿನಲ್ಲಿ ಮರಳಿಸುತ್ತದೆ. ಓಡಿಸಿ ನೋಡಿದರೆ ಎಲ್ಲ ಸರಿ. ಮಾರ್ಗದರ್ಶಕಿ ಓದಿ ಒಂದೇ ಪ್ರಶ್ನೆ ಬರೆಯುತ್ತಾರೆ: “ನಡುವೆ ಕ್ಯಾಮೆರಾ ಉತ್ತರವನ್ನೇ ಕೊಡದಿದ್ದರೆ?” ಹೌದಲ್ಲ! ಆಗ ಕೋಡ್ ಅರ್ಧದಿಂದಲೇ ಹಿಂದಿರುಗುತ್ತದೆ. ಕೊನೆಯ ಸಾಲಿಗೆ ತಲುಪುವುದೇ ಇಲ್ಲ.

ಸಾಮಾನ್ಯ ಪ್ರೋಗ್ರಾಮು ಹೀಗೆ ಮರೆತರೆ, ಅದನ್ನು ಮುಚ್ಚಿದಾಗ ಕರ್ನಲ್ ಆ ಮೆಮೊರಿಯನ್ನು ವಾಪಸ್ ಪಡೆಯುತ್ತದೆ. ಡ್ರೈವರ್ ಮಾತ್ರ ಕರ್ನಲಿನದೇ ಭಾಗ. ಮಕ್ಕಳ ಹತ್ತಿರ ಉಳಿದ ಪುಸ್ತಕವನ್ನು ಲೈಬ್ರರಿ ಟೀಚರ್ ಕೇಳಿ ಪಡೆಯುತ್ತಾರೆ. ಟೀಚರೇ ಎಲ್ಲೋ ಇಟ್ಟು ಮರೆತರೆ ಕೇಳುವವರು ಯಾರು? ಕಂಪ್ಯೂಟರನ್ನು ಮತ್ತೆ ಬೂಟ್ ಮಾಡುವ ತನಕ ಆ ಜಾಗ ನಷ್ಟವೇ. ತಿಂಗಳುಗಟ್ಟಲೆ ಆಫ್ ಮಾಡದ ಸರ್ವರಿನಲ್ಲಿ ಹೀಗೆ ಸ್ವಲ್ಪಸ್ವಲ್ಪವೇ ಸೋರಿದರೂ ಒಂದು ದಿನ ಇಡೀ ಯಂತ್ರ ನಿಂತುಹೋಗಬಹುದು.

ಮಾರ್ಗದರ್ಶಕಿ ತಾವೇ ತಿದ್ದಿದ್ದರೆ ಎರಡು ನಿಮಿಷದ ಕೆಲಸ. ಆದರೂ ತಿದ್ದಲಿಲ್ಲ, ಯಾಕೆ? ತಿದ್ದಿಕೊಟ್ಟರೆ ಆ ಒಂದು ತಪ್ಪು ಹೋಗುತ್ತದೆ, ಅಷ್ಟೇ. ಪ್ರಶ್ನೆ ಕೇಳಿದರೆ, ಮುಂದೆ ಕೋಡ್ ಬರೆಯುವಾಗಲೆಲ್ಲ ಆ ಪ್ರಶ್ನೆಯನ್ನು ಅವಳೇ ಕೇಳಿಕೊಳ್ಳುತ್ತಾಳೆ. ಅವಳು ತಿದ್ದಿ, ಬದಲಾವಣೆ ಯಾಕೆ ಎಂದೂ ಬರೆದು, ಎರಡನೇ ಸಲ ಕಳಿಸುತ್ತಾಳೆ. ಒಪ್ಪಿಗೆಯಾದರೆ ಅವಳ ಹೆಸರು ಲಿನಕ್ಸಿನ ದಾಖಲೆಯಲ್ಲಿ ಸೇರುತ್ತದೆ. ಪರಿಶೀಲಿಸಿದವರ ಹೆಸರನ್ನೂ ಅಲ್ಲಿ ಬರೆಯುವ ಕ್ರಮವಿದೆ.

ಇದನ್ನು ನೀವೂ ಮಾಡಿ ನೋಡಿ. ಪೈಥಾನಿನಲ್ಲಿ ಭಾಗಾಕಾರದ ಪ್ರೋಗ್ರಾಮ್ ಬರೆದು ಪಕ್ಕದವರಿಗೆ ಓದಲು ಕೊಡಿ. ಒಂದೇ ನಿಯಮ: ಅವರು ಕೀಬೋರ್ಡ್ ಮುಟ್ಟಬಾರದು, ಪ್ರಶ್ನೆ ಮಾತ್ರ ಕೇಳಬೇಕು. “ಭಾಜಕ ಸೊನ್ನೆಯಾದರೆ?” ಎಂದು ಅವರು ಕೇಳಿದರೆ, ನಿಮಗೊಬ್ಬ ಒಳ್ಳೆಯ ಮಾರ್ಗದರ್ಶಕ ಸಿಕ್ಕಿದ ಹಾಗೆ.