ಅಂತರಜಾಲದ ಹಳೆಯ ಕನ್ನಡ ಸುದ್ದಿ ಏಕೆ ಸಿಗುವುದಿಲ್ಲ?

1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ಕಲ್ಲಚ್ಚಿನ ಮೂಲಕ ಹೊರತಂದ ‘ಮಂಗಳೂರ ಸಮಾಚಾರ’ದ ಪ್ರತಿಯೊಂದು ಕೈಗೆ ಸಿಕ್ಕರೆ, ಕನ್ನಡ ಬಲ್ಲ ಯಾರಾದರೂ ಅದನ್ನು ಇಂದಿಗೂ ಓದಬಹುದು. 2003ರಲ್ಲಿ ಅಂತರಜಾಲದಲ್ಲಿ ಪ್ರಕಟವಾದ ಅನೇಕ ಕನ್ನಡ ಸುದ್ದಿಗಳಿಗೆ ಆ ಭಾಗ್ಯವಿಲ್ಲ. ಪುಟ ಉಳಿದಿದ್ದರೂ ಅದನ್ನು ತೆರೆದಾಗ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಹಾಗೂ ಚಿಹ್ನೆಗಳ ರಾಶಿ.

ಇದರ ಮೂಲ ಅಂದಿನ ಫಾಂಟ್‌ಗಳಲ್ಲಿದೆ. ಇಂಗ್ಲಿಷ್ ಅಕ್ಷರಗಳಿಗೆಂದು ಮೀಸಲಾಗಿದ್ದ 256 ಸ್ಥಾನಗಳಲ್ಲಿ ಕನ್ನಡದ ಅಕ್ಷರಭಾಗಗಳ ಚಿತ್ರಗಳನ್ನು ಕೂರಿಸಲಾಗುತ್ತಿತ್ತು. ಕಣ್ಣಿಗೆ ಕಾಣುವುದು ಕನ್ನಡ, ಗಣಕದ ಪಾಲಿಗೆ ಅದು ರೋಮನ್ ಲಿಪಿ! ನುಡಿ, 1998ರಲ್ಲಿ ಬಂದ ಬರಹ, ಮುದ್ರಣಾಲಯಗಳಲ್ಲಿ ಬಳಕೆಯಲ್ಲಿದ್ದ ಶ್ರೀಲಿಪಿ, ಆಕೃತಿ ಮೊದಲಾದ ತಂತ್ರಾಂಶಗಳಿಂದಲೇ ಕನ್ನಡ ಗಣಕಕ್ಕೆ ಬಂದಿತೆಂಬುದು ನಿಜ. ಆದರೆ ಎಲ್ಲವೂ ಒಂದೇ ಸಂಕೇತವನ್ನು ಅನುಸರಿಸಲಿಲ್ಲ.

‘ಅಕ್ಷರಗಳು ಕಾಣದಿದ್ದಲ್ಲಿ ಫಾಂಟ್ ಇಳಿಸಿಕೊಳ್ಳಿ’ ಎಂಬ ಸೂಚನೆ ಅಂದಿನ ಓದುಗರಿಗೆ ನೆನಪಿರಬಹುದು. ಕಚೇರಿಯ ಗಣಕದಲ್ಲಿ ಫಾಂಟ್ ಅಳವಡಿಸಲು ಅನುಮತಿಯಿಲ್ಲದವರಿಗೆ ಊರಿನ ಸುದ್ದಿಯೇ ಇರಲಿಲ್ಲ. ಈ ತೊಡಕಿಗೆ ಉತ್ತರವಾಗಿ ಪುಟದೊಂದಿಗೆ ತಾನಾಗಿಯೇ ಇಳಿಯುವ ಡೈನಾಮಿಕ್ ಫಾಂಟ್ ಬಂದಿತು. ಮೈಕ್ರೋಸಾಫ್ಟ್ ರೂಪಿಸಿದ ಅದರ ವಿಧಾನ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ನಡೆಯುತ್ತಿತ್ತು. ಆ ಬ್ರೌಸರ್‌ಗೆ 2022ರ ಜೂನ್‌ನಲ್ಲಿ ಕಂಪನಿ ವಿದಾಯ ಹೇಳಿತು.

1991ರಲ್ಲಿ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳು ದೊರೆತಿದ್ದವು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡ ಓದುವ ಸೌಲಭ್ಯವೂ ಬಂದಿತು. ಹಾಗಿದ್ದರೂ ಪತ್ರಿಕೆಗಳು ತಡಮಾಡಿದ್ದೇಕೆ? ಕೇವಲ ಉದಾಸೀನ ಎನ್ನುವುದು ಅನ್ಯಾಯವಾದೀತು. ಪುಟವಿನ್ಯಾಸಕ್ಕೆ ಬಳಸುತ್ತಿದ್ದ ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡದ ಒತ್ತಕ್ಷರಗಳನ್ನು ಜೋಡಿಸಲು ಬರುತ್ತಿರಲಿಲ್ಲ. ಇನ್‌ಡಿಸೈನ್‌ನಲ್ಲಿ ಭಾರತೀಯ ಲಿಪಿಗಳಿಗೆ ಸೌಲಭ್ಯ ದೊರೆತದ್ದು 2012ರಲ್ಲಿ. ಅಲ್ಲಿಯವರೆಗೆ ಮುದ್ರಣಕ್ಕೊಂದು ಸಂಕೇತ, ಜಾಲತಾಣಕ್ಕೆ ಮತ್ತೊಂದು. ನಡುವೆ ಪರಿವರ್ತಕ ತಂತ್ರಾಂಶ.

ಪರಿವರ್ತನೆಯೂ ಸರಳವಲ್ಲ. ‘ಸೂರ್ಯ’ ಎಂಬ ಪದವನ್ನೇ ನೋಡಿ. ಹಳೆಯ ಫಾಂಟ್‌ನಲ್ಲಿ ಯಕಾರ ಮೊದಲು, ಅರ್ಕಾವೊತ್ತು ನಂತರ. ಯೂನಿಕೋಡ್‌ನಲ್ಲಿ ಉಚ್ಚಾರಣೆಯ ಕ್ರಮವೇ ಕ್ರಮ: ಮೊದಲು ರಕಾರ, ಬಳಿಕ ಯಕಾರ. ಪರಿವರ್ತಕವು ಅರ್ಕಾವೊತ್ತನ್ನು ಹಿಂದಕ್ಕೆ ತಂದು ಕೂರಿಸಬೇಕು. ಅದು ಎಡವಿದರೆ ವ್ಯಕ್ತಿಯ ಹೆಸರು ಕೆಡುತ್ತದೆ, ಊರಿನ ಹೆಸರು ಕೆಡುತ್ತದೆ. ಕೆಟ್ಟ ಹೆಸರು ಹುಡುಕಾಟದಲ್ಲಿ ಸಿಗುವುದಿಲ್ಲ.

ಇಂದು ಮೊಬೈಲ್‌ನಲ್ಲಿ ಗ್ರಾಮದ ಹೆಸರನ್ನು ಕನ್ನಡದಲ್ಲಿ ಟೈಪಿಸಿದರೆ ಸುದ್ದಿ ಎದುರಿಗೆ ಬರುವುದು ಯೂನಿಕೋಡ್‌ನಿಂದಾಗಿ. ಆದರೆ ಹುಡುಕುಯಂತ್ರ ಯೂನಿಕೋಡ್ ಪೂರ್ವದ ಪುಟಗಳನ್ನು ಕನ್ನಡವೆಂದು ಗುರುತಿಸದು. ಬರಿಯ ಚಿತ್ರರೂಪದ ಇ-ಪೇಪರ್‌ಗಳ ಕಥೆಯೂ ಬಹುಮಟ್ಟಿಗೆ ಇದೇ. ಭೂವಿವಾದದಲ್ಲಿ ಸಿಲುಕಿದವರು, ಸಂಶೋಧನಾ ವಿದ್ಯಾರ್ಥಿಗಳು ಇಪ್ಪತ್ತು ವರ್ಷಗಳ ಹಿಂದಿನ ವರದಿಗಾಗಿ ಈಗಲೂ ಗ್ರಂಥಾಲಯದ ರಟ್ಟು ಕಟ್ಟಿದ ಸಂಪುಟಗಳನ್ನೇ ತಿರುವಿಹಾಕಬೇಕು.

ಮುದ್ರಿತ ಸುದ್ದಿಗಾದರೆ ಆ ಸಂಪುಟವಾದರೂ ಉಂಟು. ಸಂಪುಟವಿದ್ದರೆ ಸ್ಕ್ಯಾನ್ ಮಾಡಿ, ಅಕ್ಷರ ಗುರುತಿಸುವ ತಂತ್ರಾಂಶದಿಂದ ಪಠ್ಯವನ್ನು ಮರಳಿ ಪಡೆಯಲು ಸಾಧ್ಯ. ಕಾಗದದ ಮುಖ ಕಾಣದೆ ಜಾಲತಾಣದಲ್ಲಷ್ಟೇ ಪ್ರಕಟವಾದ ವರದಿಗಳಿಗೆ ಸರ್ವರ್‌ನಲ್ಲಿರುವ ಕಡತವೇ ಏಕೈಕ ಪ್ರತಿ. ಅದನ್ನು ಪರಿವರ್ತಿಸಲು ಅಂದು ಬಳಸಿದ ಫಾಂಟ್‌ನ ಸಂಕೇತಪಟ್ಟಿಯೂ ಬೇಕು.